ಏರ್‌ಬ್ಯಾಗ್ ಲೈಟ್ ಆರ್ತಿಲ್ವಾ? ಶಿರಾ ಗೇಟ್ ಹತ್ತಿರದ ಈ ಎಲೆಕ್ಟ್ರಿಷಿಯನ್‌ಗೆ ತೋರಿಸಿ

ತುಮಕೂರು ಕಡೆ ಹಳೇ ಕಾರು ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ. ನಮ್ಮದು 2012ರ ಹ್ಯಾಚ್‌ಬ್ಯಾಕ್, ಮುಂದೆ ಎರಡು ಏರ್‌ಬ್ಯಾಗ್. ಕೀ ತಿರುಗಿಸಿದಾಗ ಕೆಲವು ಸೆಕೆಂಡ್ ಹತ್ತಿ ಆರಬೇಕಾದ ಲೈಟು ಆರದೆ ಹಾಗೇ ಉಳಿದಿತ್ತು. ಹಾಗೆ ಉರೀತಿದ್ರೆ ಡಿಕ್ಕಿಯಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತೆ ಅನ್ನೋ ಭರವಸೆ ಇಲ್ಲ. ಅಪ್ಪನನ್ನ ಪಕ್ಕದಲ್ಲಿ ಕೂರಿಸಿಕೊಂಡು ಬೆಂಗಳೂರು ಹೈವೇಲಿ ಓಡಾಡೋನು ನಾನು, ನೆಮ್ಮದಿನೇ ಇರಲಿಲ್ಲ.

ಒಂದು ಗ್ಯಾರೇಜಲ್ಲಿ ದೋಷದ ಕೋಡ್ ಓದೋ ಸ್ಕ್ಯಾನರ್ ಕೂಡ ಹಾಕದೆ ‘ಮಾಡ್ಯೂಲ್ ಹೋಗಿದೆ’ ಅಂದ್ರು, ಅಂದ್ರೆ ಏರ್‌ಬ್ಯಾಗನ್ನ ನಿಯಂತ್ರಿಸೋ ಎಲೆಕ್ಟ್ರಾನಿಕ್ ಪೆಟ್ಟಿಗೆ. ಇನ್ನೊಂದು ಕಡೆ ‘ಲೈಟ್ ಬರದ ಹಾಗೆ ಮಾಡಿಕೊಡ್ತೀನಿ ಬಿಡಿ ಸಾರ್’ ಅಂದ್ರು. ಏರ್‌ಬ್ಯಾಗ್ ಜಾಗಕ್ಕೆ ರೆಸಿಸ್ಟರ್ (ಏರ್‌ಬ್ಯಾಗ್ ಇದೆ ಅಂತ ಮಾಡ್ಯೂಲನ್ನ ನಂಬಿಸೋ ಸಣ್ಣ ಬಿಡಿಭಾಗ) ಸಿಕ್ಕಿಸಿದರೆ ಲೈಟ್ ಆರುತ್ತೆ ನಿಜ, ಆದರೆ ಏರ್‌ಬ್ಯಾಗೇ ಇಲ್ಲದ ಹಾಗಾಯ್ತು. ದಯವಿಟ್ಟು ಯಾರೂ ಇದಕ್ಕೆ ಒಪ್ಪಬೇಡಿ.

ಶಿರಾ ಗೇಟ್ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಮೊದಲು ಕೇಳಿದ್ದು, ‘ಹಾರ್ನ್ ಯಾವಾಗಾದ್ರೂ ಕೈ ಕೊಡುತ್ತಾ ಸಾರ್?’ ಹೌದು, ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಹಾರ್ನ್ ಬರ್ತಿರಲಿಲ್ಲ. ಹಾರ್ನ್, ಡ್ರೈವರ್ ಏರ್‌ಬ್ಯಾಗ್ ಎರಡರ ವೈರೂ ಹಾದುಹೋಗೋದು ಸ್ಟೇರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ಮೂಲಕವೇ. ಸುರುಳಿ ಸುತ್ತಿದ ಚಪ್ಪಟೆ ಕೇಬಲ್ ಅದು, ವರ್ಷಗಟ್ಟಲೆ ಸುತ್ತಿ ಬಿಚ್ಚಿ ಒಳಗೇ ಕಡಿದುಹೋಗುತ್ತೆ.

ಹಾಗಂತ ಊಹೆ ಮೇಲೆ ಪಾರ್ಟ್ ತರಿಸಲಿಲ್ಲ. ಬ್ಯಾಟರಿ ವೋಲ್ಟೇಜ್ ನೋಡಿದರು, ಸೀಟಿನ ಕೆಳಗಿನ ಹಳದಿ ಕನೆಕ್ಟರನ್ನ ಬಿಚ್ಚದೆ ಕಣ್ಣಲ್ಲೇ ನೋಡಿದರು, ಅಲ್ಲೂ ಲೂಸ್ ಆಗ್ತಿರುತ್ತಂತೆ. ಸ್ಕ್ಯಾನರ್‌ನಲ್ಲಿ ಬಂದಿದ್ದು ಡ್ರೈವರ್ ಏರ್‌ಬ್ಯಾಗ್ ಸರ್ಕ್ಯೂಟ್‌ನ ರೆಸಿಸ್ಟೆನ್ಸ್ ಜಾಸ್ತಿ, ಅಂದ್ರೆ ಎಲ್ಲೋ ಕಡಿದಿದೆ ಇಲ್ಲಾ ಲೂಸ್ ಇದೆ ಅನ್ನೋ ಕೋಡ್. (ಮೊಬೈಲಿಗೆ ಸೇರಿಸೋ ಅಗ್ಗದ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತವೆ, ಅದನ್ನ ನಂಬಿ ಕೂರಬೇಡಿ.) ಬ್ಯಾಟರಿ ನೆಗೆಟಿವ್ ತೆಗೆದು, ಮಾಡ್ಯೂಲ್‌ನಲ್ಲಿ ಉಳಿದ ಚಾರ್ಜ್ ಇಳಿಯೋವರೆಗೂ ಕಾದೇ ಏರ್‌ಬ್ಯಾಗ್ ಮುಟ್ಟಿದ್ದು. ಅದಕ್ಕೆ ಮಲ್ಟಿಮೀಟರ್ ಇಡಲೇ ಇಲ್ಲ. ಮೀಟರಿನ ಸಣ್ಣ ಕರೆಂಟಿಗೂ ಸಿಡಿಯಬಹುದು. ಅದರ ಬದಲು ಏರ್‌ಬ್ಯಾಗ್ ತೆಗೆದು, ಅದರ ಕನೆಕ್ಟರ್‌ಗೆ ಪರೀಕ್ಷೆಗಷ್ಟೇ ಟೆಸ್ಟಿಂಗ್ ರೆಸಿಸ್ಟರ್ ಹಾಕಿ, ಬ್ಯಾಟರಿ ಜೋಡಿಸಿ ಮತ್ತೆ ಸ್ಕ್ಯಾನ್ ಮಾಡಿದರು, ಕೋಡ್ ಹೋಗಲಿಲ್ಲ. ಅಂದ್ರೆ ಈ ಕೋಡ್‌ಗೆ ಕಾರಣ ಏರ್‌ಬ್ಯಾಗ್ ಅಲ್ಲ. ಮತ್ತೆ ಬ್ಯಾಟರಿ ತೆಗೆದು ಕಾದು, ಅದೇ ರೆಸಿಸ್ಟರನ್ನ ಕ್ಲಾಕ್ ಸ್ಪ್ರಿಂಗ್‌ನ ಕೆಳಗಿನ ಕನೆಕ್ಟರ್‌ಗೆ ಹಾಕಿದಾಗ ಕೋಡ್ ಹೋಯ್ತು. ಮಾಡ್ಯೂಲೂ ಸರಿ, ಅದರವರೆಗಿನ ವೈರೂ ಸರಿ, ಕೆಟ್ಟಿರೋದು ನಡುವಿನ ಕ್ಲಾಕ್ ಸ್ಪ್ರಿಂಗೇ. ಇಷ್ಟು ಖಚಿತವಾಗಿ ಕಣ್ಣೆದುರೇ ತೋರಿಸಿದ ಮೆಕ್ಯಾನಿಕ್ ನನಗೆ ಬೇರೆ ಸಿಕ್ಕಿಲ್ಲ.

ಗುಜರಿ ಪಾರ್ಟ್ ಹಾಕಲ್ಲ ಅಂತ ಹೇಳಿ ಬೆಂಗಳೂರಿಂದ ಹೊಸದು ತರಿಸಿದರು. ಚಕ್ರ ನೇರ ಇಟ್ಟು, ಸ್ಪ್ರಿಂಗನ್ನ ನಡುಮಧ್ಯಕ್ಕೆ ಹೊಂದಿಸಿ ಕೂರಿಸಿದರು, ಇಲ್ಲದಿದ್ರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಹೊಸದೂ ಕಿತ್ತುಹೋಗುತ್ತೆ. ಕೂಲಿ 800 ರೂಪಾಯಿ, ಪಾರ್ಟಿನ ಬಿಲ್ ಬೇರೆ ಕೊಟ್ಟರು. ತೆಗೆದ ಹಳೇ ಪಾರ್ಟನ್ನೂ ಕೈಗೇ ಕೊಟ್ಟರು.

ಅಂಗಡಿ ಇಕ್ಕಟ್ಟು, ಕೂರೋಕೆ ಜಾಗ ಇಲ್ಲ, ಕೆಲಸದ ಮಧ್ಯೆ ಫೋನ್ ಎತ್ತಲ್ಲ. ಬೆಳಿಗ್ಗೆಯೇ ಹೋಗಿ, ಹಾರ್ನ್, ಸ್ಟೇರಿಂಗ್ ಬಟನ್ ಯಾವಾಗ ಕೆಲಸ ಮಾಡಲ್ಲ ಅನ್ನೋದನ್ನ ಗಮನಿಸಿಕೊಂಡು ಹೋಗಿ ಹೇಳಿ.