ಕಪ್ಪತಗುಡ್ಡವೋ, ಬಾದಾಮಿಯೋ?

ಧಾರವಾಡದಿಂದ ಒಂದೇ ದಿನದ ಫೀಲ್ಡ್ ಟ್ರಿಪ್. ನೆಲದೊಳಗಿನ ಬಿರುಕುಗಳಲ್ಲಿ ನೀರು ಹರಿದ ಗುರುತು ನೋಡಬೇಕು. ಎಲ್ಲಿಗೆ ಹೋಗುವುದು?

ಮೊದಲ ಸಲ ಹೋಗುವವರಾದರೆ ಗದಗದ ಕಪ್ಪತಗುಡ್ಡದ ಕಡೆಗೇ ಹೋಗಿ. ಅಲ್ಲಿಯದು ಗಟ್ಟಿ ಕಲ್ಲು. ಸುಮಾರು 250 ಕೋಟಿ ವರ್ಷಗಳ ಹಿಂದೆ ಆಳದ ಬಿಸಿನೀರು ಬಿರುಕು ಹಿಡಿದು ಮೇಲೆ ಬಂತು, ಬೆಣಚುಕಲ್ಲಿನ ಬಿಳಿ ಪಟ್ಟಿಗಳನ್ನು ಬಿಟ್ಟುಹೋಯಿತು. ಕೆಲವು ಪಟ್ಟಿಗಳಲ್ಲಿ ಚಿನ್ನವೂ ಇದೆ!

ಬಾದಾಮಿಯದು ಕೆಂಪು ಮರಳುಗಲ್ಲು. ಮರಳುಗಲ್ಲಿನ ಕಥೆಯೇ ಬೇರೆ. ಕಣಗಳ ನಡುವೆ ಜಾಗ ಜಾಸ್ತಿ ಇದ್ದರೆ ನೀರು ಬಿರುಕಿನ ಅಕ್ಕಪಕ್ಕಕ್ಕೂ ಇಂಗುತ್ತದೆ. ಅಮೆರಿಕದ ಯೂಟಾದಲ್ಲಿ ಹಾಗೆ ಬಂದ ದ್ರವ ಕಬ್ಬಿಣದ ಕೆಂಪನ್ನು ಕರಗಿಸಿ, ಮೋಯಬ್ ಸ್ತರಭಂಗದ (ಕಲ್ಲು ಸೀಳಿ ಅಕ್ಕಪಕ್ಕದ ಭಾಗ ಜರುಗಿದ ದೊಡ್ಡ ಬಿರುಕು) ಹತ್ತಿರದ ಕಲ್ಲನ್ನು ಬಿಳಿಚಿಸಿದೆ. ಆದರೆ ಕಣಗಳು ಪುಡಿಯಾಗಿ ಒತ್ತಿಕೊಂಡ ಕಡೆ ಅದೇ ಬಿರುಕು ನೀರಿಗೆ ಗೋಡೆ. ಇದನ್ನೆಲ್ಲ ಗುರುತಿಸಲು ಕಣ್ಣು ಪಳಗಿರಬೇಕು, ಅಲ್ವಾ? ಬಾದಾಮಿಗೆ ಎರಡು ದಿನ ಇಟ್ಟುಕೊಳ್ಳಿ.