ಕೀಕ್ಯಾಡ್: ಪವರ್ ಪಿನ್ ಕಣ್ಣಿಗೆ ಕಾಣಬೇಕು ಅನ್ನುವವರಿಗೆ

ನಾಲ್ಕು ನ್ಯಾಂಡ್ ಗೇಟ್ (ಒಂದು ಬಗೆಯ ಲಾಜಿಕ್ ಘಟಕ) ಇರುವ 74ಎಚ್‌ಸಿ00 ಚಿಪ್ ಒಮ್ಮೆ ನನ್ನ ಎರಡು ದಿನ ತಿಂದುಹಾಕಿತು. ಯಾವುದಾದರೂ ಇನ್‌ಪುಟ್ 5 ವೋಲ್ಟ್‌ನಲ್ಲಿದ್ದರೆ ಕೆಲಸ ಮಾಡುತ್ತಿತ್ತು. ಎಲ್ಲ ಇನ್‌ಪುಟ್ ಸೊನ್ನೆಗೆ ಇಳಿದರೆ ಸುಮ್ಮನಾಗುತ್ತಿತ್ತು. ಕೊನೆಗೆ ಬೋರ್ಡ್‌ನ ತಾಮ್ರದ ಟ್ರ್ಯಾಕ್ ಹುಡುಕುತ್ತಾ ಹೋದೆ. 14ನೇ ಪಿನ್ನಿಗೆ ಸಪ್ಲೈ ಟ್ರ್ಯಾಕ್ ಬಂದೇ ಇರಲಿಲ್ಲ! ಇನ್‌ಪುಟ್‌ನ ರಕ್ಷಣೆಗೆ ಇರುವ ಡಯೋಡ್ ಮೂಲಕ ಕರೆಂಟ್ ನುಸುಳಿ ಚಿಪ್ ಹೇಗೋ ಉಸಿರಾಡುತ್ತಿತ್ತು.

ಕೀಕ್ಯಾಡ್ ಅಂದರೆ ಸರ್ಕ್ಯೂಟ್ ಬರೆದು ಬೋರ್ಡ್ ವಿನ್ಯಾಸ ಮಾಡುವ ತಂತ್ರಾಂಶ. ಆಗ ನಾನು ಬಳಸುತ್ತಿದ್ದದ್ದು ಅಂಥದ್ದೇ ಬೇರೊಂದು. ಅದರ ಸಿಂಬಲ್‌ನಲ್ಲಿ, ಅಂದರೆ ಹಾಳೆಯ ಮೇಲೆ ಚಿಪ್ಪನ್ನು ತೋರಿಸುವ ಚಿತ್ರದಲ್ಲಿ, ಪವರ್ ಪಿನ್‌ಗಳು ಅಡಗಿದ್ದವು. ತಮ್ಮ ಹೆಸರಿನ ನೆಟ್‌ಗೆ (ಒಂದಕ್ಕೊಂದು ಜೋಡಿಸಿದ ಪಿನ್‌ಗಳ ಗುಂಪಿಗೆ), ಅಂದರೆ ವಿಸಿಸಿಗೆ, ತಾವೇ ಹೋಗಿ ಸೇರಿಕೊಂಡಿದ್ದವು. ನನ್ನ ಸಪ್ಲೈಗೆ ನಾನಿಟ್ಟ ಹೆಸರು +5ವಿ. ಹೆಸರು ಬೇರೆಯಾದರೆ ನೆಟ್ ಕೂಡ ಬೇರೆ, ಅಲ್ವಾ? ಹಾಳೆಯ ಮೇಲೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಅದಕ್ಕೇ ಕೀಕ್ಯಾಡ್ ನನಗೆ ಇಷ್ಟವಾಗಿದ್ದು. ಇದರ ಲೈಬ್ರರಿಯಲ್ಲಿ 74ಎಚ್‌ಸಿ00ಗೆ ಐದು ಭಾಗಗಳಿವೆ. ಎ ಇಂದ ಡಿ ವರೆಗೆ ಗೇಟ್‌ಗಳು, ಇ ಅಂದರೆ ಪವರ್: 14ನೇ ಪಿನ್ ಮತ್ತು 7ನೇ ಪಿನ್. ಎಲ್‌ಎಂ324 ಆಪ್‌ಆಂಪ್ (ಸಿಗ್ನಲ್ ವರ್ಧಕ) ಚಿಪ್ ಕೂಡ ಹೀಗೆಯೇ, ಅದರ ಐದನೇ ಭಾಗದಲ್ಲಿ 4 ಮತ್ತು 11ನೇ ಪಿನ್. ಗೇಟ್‌ಗಳನ್ನು ಸಿಗ್ನಲ್ ಹರಿಯುವ ಕಡೆ ಇಡುತ್ತೇನೆ. ಪವರ್ ಭಾಗಗಳನ್ನೆಲ್ಲ ಹಾಳೆಯ ಒಂದು ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಪಕ್ಕದಲ್ಲೇ ಅದರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬರೆಯುತ್ತೇನೆ. ಯಾವ ಚಿಪ್‌ಗೆ ಕೆಪಾಸಿಟರ್ ಮರೆತಿದ್ದೇನೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನನಗಂತೂ ಇದೇ ದೊಡ್ಡ ಲಾಭ.

ಪವರ್ ಭಾಗವನ್ನು ಇಡಲು ಮರೆತರೆ? ಈಗಿನ ಆವೃತ್ತಿಗಳ ಇಆರ್‌ಸಿ, ಅಂದರೆ ಜೋಡಣೆಯ ತಪ್ಪು ಹುಡುಕುವ ಪರೀಕ್ಷೆ, ಅದನ್ನು ಹಿಡಿದು ತೋರಿಸುತ್ತದೆ. ಬಳಸದ ಗೇಟ್ ಬಿಟ್ಟುಹೋದರೂ ಹೇಳುತ್ತದೆ. ಆ ಎಚ್ಚರಿಕೆಯನ್ನು ಬಂದ್ ಮಾಡಬೇಡಿ. 74ಎಚ್‌ಸಿ00ನಂಥ ಸಿಮಾಸ್ ಗೇಟ್‌ನ ಇನ್‌ಪುಟ್ ಎಲ್ಲಿಗೂ ಜೋಡಿಸದೆ ಸುಮ್ನೆ ತೇಲುತ್ತಿದ್ದರೆ ಚಿಪ್ ಬೇಡದ ಕರೆಂಟ್ ಎಳೆಯುತ್ತದೆ. ಆ ಗೇಟನ್ನೂ ಹಾಳೆಗೆ ತಂದು ಇನ್‌ಪುಟ್‌ಗಳನ್ನು ಗ್ರೌಂಡ್‌ಗೆ ಕಟ್ಟಿ.

ಹೊಸಬರು ಜಾಸ್ತಿ ತಡವರಿಸುವುದು ಇನ್ನೊಂದು ಕಡೆ. ಎಲ್ಲ ಸರಿಯಾಗಿ ಜೋಡಿಸಿದ್ದರೂ, ಪವರ್ ಇನ್‌ಪುಟ್ ಪಿನ್ನಿಗೆ ಸಪ್ಲೈ ಕೊಡುವವರೇ ಇಲ್ಲ ಅಂತ ಇಆರ್‌ಸಿ ದೂರುತ್ತದೆ. ಕರೆಂಟ್ ಕನೆಕ್ಟರ್‌ನಿಂದ ಬರುತ್ತಿದ್ದರೆ ಅದರ ಪಿನ್‌ಗಳು ಪ್ಯಾಸಿವ್, ಅಂದರೆ ಸಪ್ಲೈ ಕೊಡುವವು ಅಂತ ಗುರುತು ಮಾಡದವು. ಇಲ್ಲಿ ಸಪ್ಲೈ ಇದೆ ಅಂತ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಆ ನೆಟ್‌ಗೆ ಒಂದು ಪವರ್ ಫ್ಲ್ಯಾಗ್ (ಇಲ್ಲಿ ಸಪ್ಲೈ ಇದೆ ಅನ್ನುವ ಗುರುತು) ಹಾಕಿದರೆ ಮುಗಿಯಿತು. ನಡುವೆ ಫ್ಯೂಸ್ ಅಥವಾ ಡಯೋಡ್ ಇದ್ದರೆ ಅದರ ಆಚೆಗಿನದು ಹೊಸ ನೆಟ್, ಅಲ್ಲಿಗೂ ಒಂದು ಬೇಕು. ಆ ಸಂದೇಶ ಇನ್ನಷ್ಟು ಬಿಡಿಸಿ ಹೇಳುವಂತಿದ್ದರೆ ಚೆನ್ನಾಗಿತ್ತು.

ಹೊರಗಿನಿಂದ ತಂದ ಹಳೆಯ ಸಿಂಬಲ್‌ಗಳಲ್ಲಿ ಅಡಗಿದ ಪವರ್ ಪಿನ್ ಈಗಲೂ ಇರಬಹುದು. ಕೀಕ್ಯಾಡ್‌ನಲ್ಲೂ ಅವು ಹೆಸರು ನೋಡಿ ತಾವೇ ಸೇರಿಕೊಳ್ಳುತ್ತವೆ. ಸಪ್ಲೈ ಪಿನ್ನಿಗೆ 4000 ಸರಣಿಯ ಚಿಪ್ ವಿಡಿಡಿ ಅನ್ನುತ್ತದೆ, 74 ಸರಣಿಯದು ವಿಸಿಸಿ ಅನ್ನುತ್ತದೆ. ಎರಡೂ ಒಂದೇ ಬೋರ್ಡ್‌ನಲ್ಲಿದ್ದರೆ ಮೊದಲು ಅಡಗಿದ ಪಿನ್ ತೋರಿಸುವ ಆಯ್ಕೆಯನ್ನು ಆನ್ ಮಾಡಿ ನೋಡಿ.