ಕರೆಂಟ್ ಹೋದರೂ ಪೋಸ್ಟ್ ಹೋಗುತ್ತದೆ: ಬ್ಲಾಗ್ ಆಟೊಮೇಷನ್ ಜೊತೆ ನನ್ನ ಎಂಟು ವರ್ಷ

ಹೊಸನಗರ ತಾಲೂಕಿನಲ್ಲಿ ನಮ್ಮ ಮನೆ. ಮೂರು ಎಕರೆ ಅಡಿಕೆ ತೋಟ, ಜೊತೆಗೆ ಒಂದಿಷ್ಟು ಕಾಳುಮೆಣಸು. 2017ರಿಂದ ತೋಟದ ಕೆಲಸದ ಬಗ್ಗೆ ಬ್ಲಾಗ್ ಬರೆಯುತ್ತಿದ್ದೇನೆ. ಔಷಧಿ ಯಾವಾಗ ಹೊಡೆಯಬೇಕು, ಬಸಿಗಾಲುವೆ ಎಷ್ಟು ಆಳ ಇರಬೇಕು, ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ವಿಂಗಡಿಸುವುದು ಹೇಗೆ, ಇಂಥ ವಿಷಯಗಳು. ಓದುವವರು ಹೆಚ್ಚಾಗಿ ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯ ಬೆಳೆಗಾರರು.

ಜೂನ್ ಬಂತೆಂದರೆ ನಮ್ಮಲ್ಲಿ ನೆಟ್ ನಂಬುವ ಹಾಗಿಲ್ಲ. ಮರ ಬಿದ್ದು ಲೈನ್ ಹರಿದರೆ ಮೂರು ದಿನ ಕರೆಂಟ್ ಇರುವುದಿಲ್ಲ. ಟವರಿನ ಬ್ಯಾಟರಿ ಮೊದಲ ದಿನ ಸಂಜೆಗೇ ಮುಗಿದಿರುತ್ತದೆ. ಆದರೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಮಾಹಿತಿ ಜನರಿಗೆ ಬೇಕಾಗುವುದು ಅದೇ ಹೊತ್ತಿನಲ್ಲಿ. ನೆಟ್ ಇದ್ದಾಗ ಬರೆದಿಡಬೇಕು, ಇಲ್ಲದಾಗ ಅದು ತಾನೇ ಹೋಗಬೇಕು. ನಾನು ಆಟೊಮೇಷನ್ ಹುಡುಕಿಕೊಂಡು ಹೋದದ್ದು ಇದಕ್ಕಾಗಿ. ದಿನಕ್ಕೆ ಹತ್ತು ಕಡೆ ಲಿಂಕ್ ಹಾಕಿ ಓದುಗರನ್ನು ಹೆಚ್ಚಿಸಿಕೊಳ್ಳುವ ಆಸೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನನ್ನ ಬ್ಲಾಗ್ ನಡೆಯುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್‌ನಿಂದಲೇ ಶುರು ಮಾಡುತ್ತೇನೆ. ತಾರೀಕು, ಸಮಯ ಕೊಟ್ಟು ಶೆಡ್ಯೂಲ್ ಮಾಡಿದರೆ ಆಯಿತು ಅಂತ ನಾನೂ ತಿಳಿದಿದ್ದೆ. ಬೆಳಿಗ್ಗೆ 6:30ಕ್ಕೆ ಇಟ್ಟ ಪೋಸ್ಟ್ ಒಂದು ದಿನ ಎಂಟಕ್ಕೆ ಹೋಗುತ್ತಿತ್ತು, ಇನ್ನೊಂದು ದಿನ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಎಲ್ಲರೂ ತೋಟಕ್ಕೆ ಇಳಿದಿರುತ್ತಾರೆ, ಫೋನ್ ಮನೆಯಲ್ಲೇ ಇರುತ್ತದೆ. ಕಾರಣ ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು. ವರ್ಡ್‌ಪ್ರೆಸ್‌ನಲ್ಲಿ ಡಬ್ಲ್ಯೂಪಿ-ಕ್ರಾನ್ ಅಂತ ಒಂದು ಏರ್ಪಾಡಿದೆ. ಅದಕ್ಕೆ ತನ್ನದೇ ಗಡಿಯಾರ ಇಲ್ಲ. ಯಾರಾದರೂ ಸೈಟಿನ ಪುಟ ತೆರೆದಾಗ ಮಾತ್ರ ಅದು ಎದ್ದು, ಬಾಕಿ ಕೆಲಸ ಏನಿದೆ ಅಂತ ನೋಡುತ್ತದೆ. ಜನ ಸದಾ ಬರುವ ಸೈಟಿಗೆ ಇದು ಸಾಕು. ನನ್ನದು ಸಣ್ಣ ಬ್ಲಾಗ್. ಬೆಳಗಿನ ಜಾವ ಯಾರೂ ಬರುವುದಿಲ್ಲ, ಹಾಗಾಗಿ ಮೊದಲ ಓದುಗ ಬರುವ ತನಕ ಪೋಸ್ಟ್ ಅಲ್ಲೇ ಕೂತಿರುತ್ತಿತ್ತು.

ಪರಿಹಾರ ಸುಲಭ. ಸೈಟಿನ ಕಾನ್ಫಿಗ್ ಫೈಲಿನಲ್ಲಿ ಡಬ್ಲ್ಯೂಪಿ-ಕ್ರಾನ್ ನಿಲ್ಲಿಸುವ ಒಂದು ಸಾಲು ಸೇರಿಸಬೇಕು. ಆಮೇಲೆ ಹೋಸ್ಟಿಂಗ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರಾನ್ ಜಾಬ್ ಅಂತ ಇರುವ ಕಡೆ, ಐದು ನಿಮಿಷಕ್ಕೊಮ್ಮೆ ಆ ಕ್ರಾನ್ ಫೈಲನ್ನು ಕರೆಯುವಂತೆ ಹೇಳಬೇಕು. ಹತ್ತು ನಿಮಿಷದ ಕೆಲಸ. ಇದನ್ನು ಮಾಡಿದ ಮೇಲೆ ಸಮಯ ತಪ್ಪಿದ್ದು ನನಗೆ ನೆನಪಿಲ್ಲ. ದುಡ್ಡು ಕೊಟ್ಟು ಯಾವ ಟೂಲ್ ತೆಗೆದುಕೊಳ್ಳುವುದಕ್ಕೂ ಮೊದಲು ಇಷ್ಟು ಮಾಡಿಕೊಳ್ಳಿ. ಹಾಗೇ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ಕೋಲ್ಕತ್ತಾ ಅಂತ ಇದೆಯಾ ನೋಡಿ. ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂತ ಬಿಟ್ಟರೆ ಆರಕ್ಕೆ ಹೋಗಬೇಕಾದದ್ದು ಹನ್ನೊಂದೂವರೆಗೆ ಹೋಗುತ್ತದೆ.

ಇನ್ನು ಹಂಚುವ ವಿಷಯ. ಈ ಎಂಟು ವರ್ಷದಲ್ಲಿ ಮುಚ್ಚಿದ ಬಾಗಿಲುಗಳು ಒಂದೆರಡಲ್ಲ. ಮೊದಲು ಹೊಸ ಬರಹ ನೇರವಾಗಿ ನನ್ನ ಫೇಸ್‌ಬುಕ್ ಪ್ರೊಫೈಲಿಗೆ ಹೋಗುತ್ತಿತ್ತು. 2018ರ ಆಗಸ್ಟ್‌ನಿಂದ ಹೊರಗಿನ ಆ್ಯಪ್‌ಗಳು ಪ್ರೊಫೈಲಿಗೆ ಪೋಸ್ಟ್ ಹಾಕುವುದನ್ನು ಫೇಸ್‌ಬುಕ್ ನಿಲ್ಲಿಸಿತು. ಪೇಜ್ ಮಾಡಿಕೊಂಡೆ. 2020ರ ಸೆಪ್ಟೆಂಬರ್‌ನಲ್ಲಿ ಒಂದು ಸೇವೆಯಿಂದ ಇನ್ನೊಂದಕ್ಕೆ ಕೆಲಸ ಜೋಡಿಸುವ ಇಫ್ಟ್ (IFTTT) ಟೂಲಿನ ದುಡ್ಡಿನ ಖಾತೆ ಇಫ್ಟ್ ಪ್ರೊ ಬಂತು, ಉಚಿತ ಖಾತೆಯವರು ಮಾಡಿಕೊಳ್ಳಬಹುದಾದ ಆ್ಯಪ್ಲೆಟ್ (ಅಂಥ ಒಂದೊಂದು ಜೋಡಣೆ) ಮೂರಕ್ಕೆ ಇಳಿಯಿತು. 2021ರಲ್ಲಿ, ಹೊಸ ಬರಹವನ್ನು ಓದುಗರಿಗೆ ಮುಟ್ಟಿಸುತ್ತಿದ್ದ ಗೂಗಲ್‌ನ ಫೀಡ್‌ಬರ್ನರ್ ಇಮೇಲ್ ಕಳಿಸುವುದು ನಿಂತಿತು. 2023ರಲ್ಲಿ ಟ್ವಿಟರ್ ತನ್ನ ಎಪಿಐಗೆ (ಹೊರಗಿನ ಟೂಲ್‌ಗಳು ಒಳಗೆ ಬರುವ ಬಾಗಿಲು) ದುಡ್ಡು ಕೇಳಿತು, ವರ್ಡ್‌ಪ್ರೆಸ್‌ನ ಜೆಟ್‌ಪ್ಯಾಕ್ ಪ್ಲಗಿನ್ ಅಲ್ಲಿಗೆ ತಾನೇ ಹಂಚುವುದನ್ನು ಕೈಬಿಟ್ಟಿತು. 2024ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಗ್ರೂಪ್‌ಗಳ ಎಪಿಐ ಕೂಡ ಹೋಯಿತು. ಪ್ರತಿ ಸಲವೂ ಎರಡು ಮೂರು ರಾತ್ರಿ ಕೂತು ಹೊಸ ದಾರಿ ಮಾಡಿಕೊಂಡಿದ್ದೇನೆ.

ಇಷ್ಟರ ನಡುವೆ ಒಮ್ಮೆಯೂ ಕೈಕೊಡದೆ ಉಳಿದದ್ದು ಆರ್‌ಎಸ್‌ಎಸ್ ಫೀಡ್, ಅಂದರೆ ಸೈಟಿನ ಹೊಸ ಬರಹಗಳ ಪಟ್ಟಿಯನ್ನು ಬೇರೆ ಟೂಲ್‌ಗಳು ಓದುವ ಹಾಗೆ ಕೊಡುವ ಫೈಲ್. ಅದು 1999ರ ಕಾಲದ್ದು, ಈಗ ಅದರ ಮಾತೆತ್ತುವವರು ಕಡಿಮೆ. ಆದರೆ ಅದು ನನ್ನ ಸೈಟಿನಿಂದಲೇ ಹೊರಡುತ್ತದೆ, ಯಾರ ಅಪ್ಪಣೆಯೂ ಬೇಡ. ಹಾಗಾಗಿ ನನ್ನ ಎಲ್ಲ ಏರ್ಪಾಡೂ ಈಗ ಫೀಡಿನಿಂದಲೇ ಶುರುವಾಗುತ್ತದೆ. ತುದಿಯಲ್ಲಿ ಒಂದು ಬಾಗಿಲು ಮುಚ್ಚಿದರೆ ಆ ತುದಿ ಮಾತ್ರ ಬದಲಿಸಿದರೆ ಸಾಕು.

ಕನ್ನಡದಲ್ಲಿ ಬರೆಯುವವರ ಕಷ್ಟಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಂಗ್ಲಿಷ್ ವಿಮರ್ಶೆಗಳಲ್ಲಿ ಇವು ಬರುವುದೇ ಇಲ್ಲ.

ಮೊದಲನೆಯದು ಲಿಂಕ್. "ಅಡಿಕೆ ತೋಟದಲ್ಲಿ ಕೊಳೆರೋಗ ತಡೆಯುವುದು ಹೇಗೆ" ಅಂತ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸ ಮಾಡುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಅದು ಒಂಬತ್ತು ಅಕ್ಷರವಾಗುತ್ತದೆ. ಗುಣಿತದ ಕೊಂಬು, ಏತ್ವ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ವಿಳಾಸದ ಮಿತಿ 200. ಅಂದರೆ ಕನ್ನಡದ 22 ಚಿಹ್ನೆಗೆ ಜಾಗ ಮುಗಿಯಿತು. ಮೇಲಿನ ಶೀರ್ಷಿಕೆ "ಕೊಳೆರೋಗ ತ" ಎಂಬಲ್ಲಿಗೆ ತುಂಡಾಗುತ್ತದೆ. ಅದನ್ನು ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಪರ್ಸೆಂಟ್ ಗುರುತು ಮತ್ತು ಅಂಕಿಗಳ ಆರೇಳು ಸಾಲು ಬರುತ್ತದೆ. ನೋಡಿದವರು ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ಈಗ ಪ್ರತಿ ಬರಹಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದದ ವಿಳಾಸ ನಾನೇ ಕೊಡುತ್ತೇನೆ. ಕನ್ನಡದ ವಿಳಾಸ ಬಿಡಬೇಕಾಯಿತಲ್ಲ ಅಂತ ಬೇಸರ ಇದೆ, ಆದರೆ ಓದುಗರು ಹೆದರದೆ ಒತ್ತುವುದು ಮುಖ್ಯ ಅಲ್ವಾ.

ಎರಡನೆಯದು ಕಣ್ಣಿಗೆ ಕಾಣದ ಗುರುತು. ಫೇಸ್‌ಬುಕ್, ಸಾಫ್ಟ್‌ವೇರ್ ಅಂತ ಬರೆಯುವಾಗ ಒತ್ತಕ್ಷರ ಆಗದಂತೆ ನಡುವೆ ಒಂದು ಗುರುತು ಹಾಕುತ್ತೇವೆ. ನಾನು ಒಂದೂವರೆ ವರ್ಷ ದುಡ್ಡು ಕಟ್ಟಿ ಬಳಸಿದ ಒಂದು ಟೂಲ್ ಪೋಸ್ಟ್ ಹಾಕುವ ಮುಂಚೆ ಇವನ್ನೆಲ್ಲ ತೆಗೆದುಹಾಕುತ್ತಿತ್ತು. ಫೇಸ್‌ಬುಕ್ ಹೋಗಿ ಫೇಸ್ಬುಕ್ ಆಗುತ್ತಿತ್ತು. ಅದೇ ಟೂಲ್ ಸಾರಾಂಶವನ್ನು ಚಿಹ್ನೆ ಎಣಿಸಿ ಕತ್ತರಿಸುತ್ತಿತ್ತು, ತೀರ್ಥಹಳ್ಳಿ ಇದ್ದದ್ದು "ತೀರ್ಥಹಳ್" ಅಂತ ನಿಲ್ಲುತ್ತಿತ್ತು. ಎರಡು ಸಲ ಬರೆದು ಕೇಳಿದೆ, ಸರಿಹೋಗಲಿಲ್ಲ. ಬಿಟ್ಟೆ. ಬೇರೆ ಟೂಲ್ ತೆಗೆದುಕೊಳ್ಳುವವರು ಉಚಿತ ಅವಧಿಯಲ್ಲೇ ಒತ್ತಕ್ಷರ ಜಾಸ್ತಿ ಇರುವ ಒಂದು ಉದ್ದ ಬರಹ ಕಳಿಸಿ ನೋಡಿ. ಸಾರಾಂಶವನ್ನು ಯಂತ್ರಕ್ಕೆ ಬಿಡದೆ ವರ್ಡ್‌ಪ್ರೆಸ್‌ನ ಎಕ್ಸರ್ಪ್ಟ್ ಜಾಗದಲ್ಲಿ ನೀವೇ ಎರಡು ವಾಕ್ಯ ಬರೆದರೆ ಈ ಕಾಟ ಅರ್ಧ ಕಡಿಮೆಯಾಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿರುವ ಬರಹಗಳನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಲೇಬೇಕು.

2023ರ ಆರಂಭದಿಂದ ನಾನು ಬಳಸುತ್ತಿರುವುದು ಎನ್‌8ಎನ್ (n8n) ಅನ್ನುವ ಆಟೊಮೇಷನ್ ಟೂಲ್. ಬರ್ಲಿನ್‌ನಲ್ಲಿ 2019ರಲ್ಲಿ ಶುರುವಾದದ್ದು. ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡು ಸ್ವಂತ ಕೆಲಸಕ್ಕೆ ಬಳಸಿದರೆ ಅದಕ್ಕೆ ದುಡ್ಡಿಲ್ಲ. ನಾನು ಕೊಡುವುದು ಬಾಡಿಗೆ ಸರ್ವರಿನ ಹಣ ಮಾತ್ರ, ತಿಂಗಳಿಗೆ ಸುಮಾರು 450 ರೂಪಾಯಿ. ಪರದೆಯ ಮೇಲೆ ಒಂದೊಂದು ಕೆಲಸಕ್ಕೂ ಒಂದೊಂದು ಡಬ್ಬಿ ಇರುತ್ತದೆ. ಡಬ್ಬಿಯಿಂದ ಡಬ್ಬಿಗೆ ಗೆರೆ ಎಳೆಯಬೇಕು. ಫೀಡಿನಲ್ಲಿ ಹೊಸ ಬರಹ ಕಂಡರೆ ಟೆಲಿಗ್ರಾಂ ಚಾನೆಲ್‌ಗೆ, ಫೇಸ್‌ಬುಕ್ ಪೇಜಿಗೆ, ಇಮೇಲ್ ಪಟ್ಟಿಗೆ ಹೋಗುತ್ತದೆ. ಟೆಲಿಗ್ರಾಂ ಅತಿ ಸುಲಭ: ಟೆಲಿಗ್ರಾಂನದೇ ಆದ ಬಾಟ್‌ಫಾದರ್ ಖಾತೆಗೆ ಸಂದೇಶ ಕಳಿಸಿ ಒಂದು ಬಾಟ್ (ತಾನೇ ಸಂದೇಶ ಹಾಕುವ ಖಾತೆ) ಮಾಡಿಸಿ, ಚಾನೆಲ್‌ಗೆ ಅಡ್ಮಿನ್ ಮಾಡಿದರೆ ಮುಗಿಯಿತು. ಒಂದು ಸಂದೇಶದಲ್ಲಿ 4096 ಚಿಹ್ನೆ ಹಿಡಿಯುತ್ತದೆ. ಫೋಟೊ ಜೊತೆಗಿನ ಮಾತಿಗೆ ಮಿತಿ 1024.

ಫೇಸ್‌ಬುಕ್ ಹಾಗಲ್ಲ. ನಮ್ಮ ಪರವಾಗಿ ಪೋಸ್ಟ್ ಹಾಕಲು ಟೂಲಿಗೆ ಕೊಡುವ ಕೀಲಿಯಂಥ ಬಳಕೆದಾರ ಟೋಕನ್ ದೀರ್ಘ ಅವಧಿಯದ್ದಾದರೂ ಸುಮಾರು 60 ದಿನಕ್ಕೆ ಮುಗಿಯುತ್ತದೆ. ಮುಗಿದದ್ದು ನಮಗೆ ಗೊತ್ತಾಗುವುದಿಲ್ಲ, ಪೋಸ್ಟ್ ಸುಮ್ನೆ ಹೋಗದೆ ನಿಲ್ಲುತ್ತದೆ. ಅದಕ್ಕೇ ಏನಾದರೂ ಎಡವಿದರೆ ನನ್ನ ಫೋನಿಗೆ ಸಂದೇಶ ಬರುವ ಹಾಗೆ ಒಂದು ಎರರ್ ವರ್ಕ್‌ಫ್ಲೋ ಮಾಡಿಟ್ಟಿದ್ದೇನೆ. ಮೊದಲ ದಿನವೇ ಮಾಡಬೇಕಾದ ಕೆಲಸ ಅದು.

ಹೊಸಬರು ಗಮನಿಸಬೇಕಾದ ಇನ್ನೊಂದು: ಸ್ವಂತ ಸರ್ವರ್‌ನಲ್ಲಿ ಹಾಕಿದ ಎನ್‌8ಎನ್‌ನ ಮೂಲ ಟೈಮ್‌ಝೋನ್ ನ್ಯೂಯಾರ್ಕ್. ಬದಲಿಸದಿದ್ದರೆ ಮಳೆಗಾಲದಲ್ಲಿ ಬೆಳಿಗ್ಗೆ 6:30ಕ್ಕೆ ಅಂತ ಇಟ್ಟದ್ದು ನಮ್ಮ ಸಂಜೆ ನಾಲ್ಕಕ್ಕೆ ಹೋಗುತ್ತದೆ. ಎನ್‌ಕ್ರಿಪ್ಷನ್ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಅದು ಕಳೆದರೆ ಉಳಿಸಿದ ಪಾಸ್‌ವರ್ಡ್, ಟೋಕನ್ ಯಾವುದೂ ತೆರೆಯುವುದಿಲ್ಲ. ಸೈಟಿನ ಡೊಮೈನ್ ಬದಲಿಸುವಾಗ ಡೇಟಾಬೇಸ್‌ನ ಜಿಯುಐಡಿ (ಒಂದೊಂದು ಬರಹದ ಕಾಯಂ ಗುರುತು) ಕಾಲಂ ಮುಟ್ಟಬೇಡಿ. ನಾನು ಎಲ್ಲ ಕಡೆ ಹಳೆ ವಿಳಾಸ ತೆಗೆದು ಹೊಸದು ಹಾಕಿದೆ. ಫೀಡಿನಲ್ಲಿದ್ದ ಹತ್ತೂ ಬರಹ ಹೊಸವು ಅಂತ ಲೆಕ್ಕವಾಗಿ, ಮಧ್ಯರಾತ್ರಿ ಒಟ್ಟಿಗೇ ಎಲ್ಲರ ಫೋನಿಗೆ ಹೋದವು.

ಅದು ಕಿರಿಕಿರಿ ಅಷ್ಟೆ. ನಿಜವಾಗಿ ನೋವಾದದ್ದು 2023ರ ಜುಲೈನಲ್ಲಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಯ ಮೊದಲ ಸರದಿ ಮಳೆ ಹಿಡಿಯುವ ಮುಂಚೆ ಆಗಬೇಕು. ಎರಡನೆಯದು 40ರಿಂದ 45 ದಿನದ ಮೇಲೆ, ಮಳೆ ಹೊಳವಾದಾಗ. ಭಾನುವಾರ ರಾತ್ರಿ ಮುನ್ಸೂಚನೆ ನೋಡಿದೆ, ಮಂಗಳವಾರ ಬುಧವಾರ ಬಿಡುವು ಅಂತ ಇತ್ತು. "ಇವತ್ತು ಹೊಳವಿದೆ, ಎರಡನೇ ಔಷಧಿ ಹೊಡೆಯಿರಿ" ಅಂತ ಬರೆದು ಮಂಗಳವಾರ ಬೆಳಿಗ್ಗೆಗೆ ಇಟ್ಟೆ. ಸೋಮವಾರ ಮಧ್ಯಾಹ್ನ ಕರೆಂಟ್ ಹೋಯಿತು, ಸಂಜೆ ಸಿಗ್ನಲ್ ಹೋಯಿತು. ಮಂಗಳವಾರ ಬೆಳಗಾದರೆ ಮಳೆ ಇನ್ನೂ ಜೋರು. ನನಗೆ ತಡೆಯಲು ದಾರಿ ಇರಲಿಲ್ಲ. ಪೋಸ್ಟ್ ಸರಿಯಾಗಿ 6:30ಕ್ಕೆ ಹೋಯಿತು.

ಗುರುವಾರ ಸಿಗ್ನಲ್ ಬಂದಾಗ ಸಾಗರದ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. "ತಂಗೀ, ನೀನು ಹಾಕಿದ್ದು ನೋಡಿ ಆಳುಗಳನ್ನ ಕರೆಸಿ ಔಷಧಿ ಕೂಡಿಸಿಬಿಟ್ಟೆ. ಆಮೇಲೆ ಮಳೆ ಬಿಡಲೇ ಇಲ್ಲ" ಅಂದರು. ಬೈಯಲಿಲ್ಲ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಕೂಡಿಸಿದ ದಿನವೇ ಹೊಡೆಯಬೇಕು, ಇಟ್ಟರೆ ಪ್ರಯೋಜನ ಇಲ್ಲ. ಅಂಥ ನಾಲ್ಕು ಡ್ರಮ್ ಅವರು ಚೆಲ್ಲಿದ್ದರು, ಆಳಿನ ಕೂಲಿ ಬೇರೆ. ಟೂಲ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅದಕ್ಕೆ ನಾನು ಹೇಳಿಕೊಟ್ಟ ರೀತಿ ತಪ್ಪಾಗಿತ್ತು. ನೆಟ್ ಇಲ್ಲದಾಗಲೂ ಪೋಸ್ಟ್ ಹೋಗಲಿ ಅಂತ ಮಾಡಿದ್ದೆ. ನೆಟ್ ಇಲ್ಲದಾಗ ನಿಲ್ಲಬೇಕಾದ ಪೋಸ್ಟೂ ಇರುತ್ತದೆ ಅಂತ ಯೋಚಿಸಿರಲಿಲ್ಲ.

ಅವತ್ತಿನಿಂದ ಬರಹಗಳನ್ನು ಎರಡು ಬಗೆ ಮಾಡಿದ್ದೇನೆ. ಸುಣ್ಣದ ಗುಣಮಟ್ಟ, ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವ ರೀತಿ, ಬಸಿಗಾಲುವೆ, ಇವು ಯಾವತ್ತು ಹೋದರೂ ಸರಿ. ಅವು ತಾವೇ ಹೋಗುತ್ತವೆ. ಹವಾಮಾನ, ದರ, ಔಷಧಿಯ ದಿನ ಇರುವ ಬರಹಗಳಿಗೆ "ಕೇಳಿ ಕಳಿಸು" ಅಂತ ಒಂದು ವರ್ಗ ಮಾಡಿದ್ದೇನೆ. ಅದನ್ನು ಸೈಟಿನಲ್ಲಿ ಶೆಡ್ಯೂಲ್ ಮಾಡುವುದಿಲ್ಲ, ಡ್ರಾಫ್ಟ್ ಆಗಿಯೇ ಇರುತ್ತದೆ. ಬೆಳಿಗ್ಗೆ ಐದೂವರೆಗೆ ಎನ್‌8ಎನ್ ಆ ಡ್ರಾಫ್ಟನ್ನು ಟೆಲಿಗ್ರಾಂನಲ್ಲಿ ನನಗೆ ಕಳಿಸಿ ಹೌದು, ಬೇಡ ಅಂತ ಎರಡು ಬಟನ್ ತೋರಿಸುತ್ತದೆ. ನಾನು ಅಂಗಳಕ್ಕೆ ಹೋಗಿ ಆಕಾಶ ನೋಡಿ ಒತ್ತುತ್ತೇನೆ. ಏಳು ಗಂಟೆಯೊಳಗೆ ಉತ್ತರ ಬರದಿದ್ದರೆ ಅದು ಹೋಗುವುದಿಲ್ಲ. ಸಿಗ್ನಲ್ ಇಲ್ಲದೆ ನಾನು ಒತ್ತಲಾಗದಿದ್ದರೂ ಹೋಗುವುದಿಲ್ಲ. ನನ್ನ ಮೌನವನ್ನು ಅದು ಬೇಡ ಅಂತಲೇ ತಿಳಿಯಬೇಕು. ಎನ್‌8ಎನ್ ನನಗೆ ಇಷ್ಟವಾದದ್ದು ಇಂಥದ್ದನ್ನು ನಮಗೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು ಅಂತ. ನೀವು ಯಾವುದೇ ಟೂಲ್ ತೆಗೆದುಕೊಳ್ಳಿ, ಒಪ್ಪಿಗೆ ಕೇಳುವ ಸೌಲಭ್ಯ ಇದೆಯಾ, ಉತ್ತರ ಬರದಿದ್ದರೆ ಅದು ಏನು ಮಾಡುತ್ತದೆ ಅಂತ ಮೊದಲು ನೋಡಿ.

ವಾಟ್ಸ್ಆ್ಯಪ್‌ಗೆ ಮಾತ್ರ ಆಟೊಮೇಷನ್ ಹಾಕಿಲ್ಲ. ಗ್ರೂಪಿಗೆ ತಾನೇ ಕಳಿಸುತ್ತೇವೆ ಅನ್ನುವ ಅನಧಿಕೃತ ಟೂಲ್‌ಗಳು ಬೇಕಾದಷ್ಟಿವೆ. ಅವು ವಾಟ್ಸ್ಆ್ಯಪ್‌ನ ನಿಯಮಕ್ಕೆ ವಿರುದ್ಧ, ನಂಬರ್ ಬ್ಲಾಕ್ ಆಗಬಹುದು. ಅಧಿಕೃತ ಬಿಸಿನೆಸ್ ದಾರಿಯಲ್ಲಿ ನಾವಾಗಿ ಮೊದಲು ಕಳಿಸುವ ಸಂದೇಶದ ಮಾದರಿಗೆ ಮುಂಚೆಯೇ ಒಪ್ಪಿಗೆ ಪಡೆಯಬೇಕು, ಶುಲ್ಕವೂ ಇದೆ. ನನ್ನಂಥವರಿಗೆ ಅದು ಆಗುವ ಮಾತಲ್ಲ. ಐದು ಗ್ರೂಪಿಗೆ ಕೈಯಾರೆ ಲಿಂಕ್ ಹಾಕುತ್ತೇನೆ, ಹತ್ತು ನಿಮಿಷ ಸಾಕು. ಹಾಕಿದ ತಕ್ಷಣ ಯಾರಾದರೂ ಉದುರಿದ ಕಾಯಿಯ ಫೋಟೊ ಕಳಿಸಿ "ಅಕ್ಕಾ, ಇದು ಕೊಳೆನೇ ಅಲ್ವಾ?" ಅಂತ ಕೇಳುತ್ತಾರೆ. ಆಗ ಉತ್ತರ ಕೊಡಲು ನಾನು ಅಲ್ಲಿರಬೇಕು.

ಬರಹವನ್ನೇ ಬರೆದುಕೊಡುತ್ತೇವೆ ಅನ್ನುವ ಟೂಲ್‌ಗಳೂ ಈಗ ಬಂದಿವೆ. ತೋಟದ ಔಷಧಿಯ ವಿಷಯದಲ್ಲಿ ಅದು ನನಗೆ ಬೇಡವೇ ಬೇಡ.

ಯಾರಿಗೆ ಯಾವುದು? ವಾರಕ್ಕೆ ಒಂದೆರಡು ಬರಹ ಹಾಕುವವರಿಗೆ ಪೋಸ್ಟ್‌ಗಳನ್ನು ಶೆಡ್ಯೂಲ್ ಮಾಡುವ ಬಫರ್‌ನ ಉಚಿತ ಖಾತೆ ಸಾಕು: ಮೂರು ಚಾನೆಲ್, ಒಂದೊಂದಕ್ಕೆ ಹತ್ತು ಪೋಸ್ಟ್ ಸಾಲಿನಲ್ಲಿ ಇಡಬಹುದು. ಎನ್‌8ಎನ್ ಥರದ್ದೇ ಆದ ಝಾಪಿಯರ್ ಕಲಿಯಲು ಸುಲಭ, ಆದರೆ ಉಚಿತ ಖಾತೆಯಲ್ಲಿ ತಿಂಗಳಿಗೆ ನೂರು ಟಾಸ್ಕ್ ಮಾತ್ರ. ಎನ್‌8ಎನ್‌ಗೆ ನಾನು ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಹಾಕಿಕೊಳ್ಳುವ ಕಷ್ಟಕ್ಕೆ. ಡಾಕರ್, ಸರ್ವರ್ ಕೆಲಸ ನನ್ನೊಬ್ಬಳಿಂದ ಆಗುತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಹಬ್ಬಕ್ಕೆ ಬಂದವನು ಎರಡು ದಿನ ಕೂತು ಹಾಕಿಕೊಟ್ಟ. ಅಪ್‌ಡೇಟ್ ಮಾಡುವಾಗ ಈಗಲೂ ಅವನಿಗೆ ಫೋನ್ ಮಾಡುತ್ತೇನೆ. ಮಳೆಗಾಲದ ಮೂರು ತಿಂಗಳು ಅಪ್‌ಡೇಟ್ ಮುಟ್ಟುವುದಿಲ್ಲ. ಮೇ ಕೊನೆಗೆ ಬ್ಯಾಕಪ್ ತೆಗೆದು, ಟೋಕನ್ ಹೊಸದು ಮಾಡಿ, ಪರೀಕ್ಷೆಗೆಂದೇ ಒಂದು ಬರಹ ಕಳಿಸಿ ನೋಡಿ, "ಬೇಡ" ಒತ್ತಿದರೆ ನಿಜವಾಗಿ ನಿಲ್ಲುತ್ತದೆಯಾ ಅಂತ ಪರೀಕ್ಷಿಸಿ ಬಿಡುತ್ತೇನೆ. ಸಾಗರದ ಆ ಹಿರಿಯರು ಈಗಲೂ ಟೆಲಿಗ್ರಾಂ ಚಾನೆಲ್‌ನಲ್ಲಿದ್ದಾರೆ.